ವಸ್ತಿ ಬಸ್ಸಿನ ಊರು

೨೦೧೯ರ ನವರಾತ್ರಿಯ ಹೊತ್ತಿಗೆ ನನ್ನ ಹೆಂಡತಿಗೆ ಜೋಯಿಡಾ ತಾಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಗೆ ವರ್ಗವಾಯಿತು. ಸುದ್ದಿ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಹಬ್ಬಿದ ಕೂಡಲೆ ಬಂಧುಗಳೂ ನೆರೆಹೊರೆಯವರೂ ಮನೆಗೆ ಬಂದು ಸಮಾಧಾನ ಹೇಳಹತ್ತಿದರು. ಅವರ ಮೋರೆಗಳನ್ನು ಕಂಡ ಹೊಸಬರಾರಾದರೂ ಮನೆಯಲ್ಲಿ ಯಾರೋ ತೀರಿಕೊಂಡಿರಬೇಕೆಂದೇ ತಿಳಿಯುತ್ತಿದ್ದರು. ಜೋಯಿಡಾ ಎಂದರೆ ಅವರ ಲೆಕ್ಕದಲ್ಲಿ ಮಳೆ, ಇಂಬಳ, ಹುಲಿ, ಕತ್ತಲೆ. ಈ ನಾಲ್ಕನ್ನು ಬಿಟ್ಟರೆ ಅಲ್ಲಿ ಐದನೆಯದಿಲ್ಲ. ನಮ್ಮ ಸೋದರಮಾವಂದಿರೊಬ್ಬರು ವರ್ಗವನ್ನು ತಪ್ಪಿಸುವ ಮೂರು ಹಂಚಿಕೆಗಳನ್ನು ಹೇಳಿಕೊಟ್ಟರು. ಅವು ಸಾಗದಿದ್ದರೆ ಹೆಂಡತಿಯೊಬ್ಬಳೇ ಅಲ್ಲಿರಲಿ, ನಾನು ಮಕ್ಕಳೊಡನೆ ಹುಬ್ಬಳ್ಳಿಯಲ್ಲಿಯೇ ಉಳಿಯುವದು ಲೇಸೆಂದು ನಾಲ್ಕನೆಯ ಹಂಚಿಕೆಯನ್ನೂ ಸೇರಿಸಿದರು. ಆಗ ಮಗಳಿಗೆ ಆರು ವರ್ಷ, ಮಗನಿಗೆ ಎರಡು. ಎರಡು ವರ್ಷದ ಕೂಸನ್ನು ತಾಯಿಯಿಂದ ಅಗಲಿಸುವ ಧೈರ್ಯ ನನಗಾಗಲಿಲ್ಲ. ನನ್ನ ಕಸುಬು ಛಾಪಖಾನೆಗಳಿಗೆ ಕರಡು ತಿದ್ದಿಕೊಡುವದು. ಅದನ್ನು ಎಲ್ಲಿ ಕುಳಿತರೂ ಮಾಡಬಹುದು. ನಾಲ್ವರೂ ಹೊರಟೆವು.

ಇದನ್ನು ಮೊದಲೇ ಹೇಳುವದಕ್ಕೆ ಕಾರಣವುಂಟು. ಪಟ್ಟಣದ ಗದ್ದಲಕ್ಕೆ ಬೇಸತ್ತು ಮಕ್ಕಳನ್ನು ಕಟ್ಟಿಕೊಂಡು ಹಳ್ಳಿ ಸೇರಿದ ಸಂಸಾರಗಳ ವೃತ್ತಾಂತಗಳನ್ನು ಈಚೆಗೆ ಎಲ್ಲೆಲ್ಲಿಯೂ ಕೇಳುತ್ತೇವೆ. ನಮ್ಮನ್ನೂ ಆ ಪಂಗಡಕ್ಕೆ ಸೇರಿಸಿ ಹೊಗಳುವ ಮಿತ್ರರಿದ್ದಾರೆ. ಆ ಹೊಗಳಿಕೆ ನಮಗೆ ಸಲ್ಲದು. ಸರಳ ಜೀವನದ ವ್ರತವನ್ನು ತೊಟ್ಟು ನಾವು ಕಾಡಿಗೆ ಬಂದವರಲ್ಲ. ಸರಕಾರದ ಒಂದು ಹಾಳೆ ನಮ್ಮನ್ನು ತಂದು ಇಲ್ಲಿ ಇಳಿಸಿತು. ಹಿಂದಿರುಗುವ ಅವಕಾಶ ಬಂದಾಗ ಅದನ್ನು ಕೈಬಿಟ್ಟೆವೆಂಬುದಷ್ಟೇ ನಮ್ಮ ಪಾಲಿನ ಸಾಹಸ. ಅದು ಸರಿಯಾಯಿತೋ ಇಲ್ಲವೋ ಎಂಬುದನ್ನು ಇಂದಿಗೂ ನಾನು ನಿಶ್ಚಯವಾಗಿ ಹೇಳಲಾರೆ.

ವಾಚಕರಲ್ಲಿ ಬಹಳ ಜನರು ದಾಂಡೇಲಿಯನ್ನು ಬಲ್ಲರು. ೧೯೫೫ರಲ್ಲಿ ಸ್ಥಾಪನೆಯಾದ ಕಾಗದದ ಕಾರಖಾನೆಯಿಂದ ಬೆಳೆದ ಊರು ಅದು. ಹೊಳೆಯಲ್ಲಿ ದೋಣಿ ನಡೆಸುವ ಆಟಕ್ಕೆ ಇಂದು ಹೆಸರಾಗಿದೆ. ಧಾರವಾಡದಿಂದ ಹಳಿಯಾಳದವರೆಗೆ ಹೊಲಗದ್ದೆಗಳ ನಡುವೆ ಬಂದ ದಾರಿ ದಾಂಡೇಲಿಯನ್ನು ದಾಟುತ್ತಲೇ ಕಾಡಿನ ಹೊಟ್ಟೆಯನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಜೋಯಿಡಾ. ಹಿಂದೆ ತಾಲೂಕಿನ ಊರು ಸುಪಾ ಆಗಿತ್ತು. ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸುಪಾ ನೀರಿನಡಿಗೆ ಹೋಯಿತು, ಕಚೇರಿಗಳು ಜೋಯಿಡಾಕ್ಕೆ ಬಂದವು. ಹಳಬರು ಈಗಲೂ ‘ಸುಪಾ ತಾಲೂಕು’ ಎಂದೇ ಅನ್ನುವರು. ಸುತ್ತಲಿನ ಅಡವಿ ೨೦೦೭ರಲ್ಲಿ ಹುಲಿಗಳ ಸಂರಕ್ಷಿತ ಪ್ರದೇಶವಾಯಿತು; ೨೦೧೫ರಿಂದ ಅದಕ್ಕೆ ಕಾಳೀ ನದಿಯ ಹೆಸರು. ನಮ್ಮ ಹಳ್ಳಿ ಈ ಅಡವಿಯೊಳಗಿನದು. ಸಂಜೆ ದಾಂಡೇಲಿಯಿಂದ ಬಂದ ಬಸ್ಸು ಶಾಲೆಯ ಮುಂದಿನ ಬಯಲಲ್ಲಿ ತಿರುಗಿ ನಿಂತು, ರಾತ್ರಿ ಅಲ್ಲಿಯೇ ವಸ್ತಿ ಮಾಡಿ, ಬೆಳಿಗ್ಗೆ ಮರಳುವದು. ಅದರ ಮುಂದೆ ದಾರಿಯಿಲ್ಲ. ಒಂದು ಹಳ್ಳ, ಅದರ ಮೇಲೊಂದು ಮರದ ಕಾಲುಸಂಕ, ಆಚೆಗೆ ಏಳು ಕುಣಬಿ ಮನೆಗಳು. ಇಲ್ಲಿ ನನಗೆ ಸ್ವಂತದ ಹೆಸರಿಲ್ಲ. ಹೆಂಡತಿ ‘ಅಕ್ಕೋರು’; ನಾನು ‘ಅಕ್ಕೋರ ಮನೆಯವರು’. ಮೊದಲ ವರ್ಷ ಇದು ಸ್ವಲ್ಪ ಚುಚ್ಚಿತು, ಆಮೇಲೆ ರೂಢಿಯಾಯಿತು.

ಹಳ್ಳಿಯ ಬಾಳುವೆ ನಿಧಾನದ್ದೆಂದು ಪಟ್ಟಣದವರು ಹೇಳುವರು. ನಿಧಾನವೇನೋ ನಿಜ. ಒಂದು ಕರಡಿನ ಕಟ್ಟು ನನ್ನ ಕೈ ಸೇರಿ ಮರಳಿ ಛಾಪಖಾನೆಗೆ ಹೋಗಬೇಕಾದರೆ ವಾರ ಹಿಡಿಯುವದು, ಯಾಕಂದರೆ ಫೋನಿನ ಸಂಪರ್ಕ ಸಿಗುವ ಗುಡ್ಡದ ನೆತ್ತಿಗೆ ನಾನು ವಾರಕ್ಕೆರಡು ಸಲ ಮಾತ್ರ ಏರುವೆನು. ಆದರೆ ನಿಧಾನವೆಂದರೆ ವಿರಾಮವೆಂದು ತಿಳಿದವರು ಇಲ್ಲಿ ಒಂದು ಮಳೆಗಾಲವನ್ನು ಕಳೆದು ನೋಡಬೇಕು. ಹಸಿ ಕಟ್ಟಿಗೆ ಉರಿಯದು. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ, ಒಲೆಯ ಮೇಲಿನ ಅಟ್ಟಕ್ಕೆ ಹರವಿದರೆ ಹೊಗೆಯ ವಾಸನೆಯನ್ನು ಹೊತ್ತು ಬರುವದು. ಪುಸ್ತಕಗಳಿಗೆ ಬೂಸರು ಹಿಡಿಯುವದು. ನಾನು ಹುಬ್ಬಳ್ಳಿಯಿಂದ ತಂದ ನಿಘಂಟಿನಲ್ಲಿ ‘ಪ’ಕಾರದಿಂದ ‘ಮ’ಕಾರದವರೆಗಿನ ಹಾಳೆಗಳು ಅಂಟಿಕೊಂಡು ಒಂದು ಹಲಗೆಯಂತಾಗಿವೆ. ಬಾವಿಯ ನೀರು ಸೇದಬೇಕು, ಹಂಡೆಯ ಬುಡಕ್ಕೆ ಉರಿ ಹಾಕಬೇಕು, ದನಕ್ಕೆ ಹುಲ್ಲು ತರಬೇಕು. ಇಬ್ಬರ ಕೈಯಿಂದ ಇಷ್ಟು ಕೆಲಸ ಸಾಗದು. ನಮ್ಮ ಮಕ್ಕಳು ಕೆಲಸ ಕಲಿತದ್ದು ಯಾವ ಶಿಕ್ಷಣತತ್ತ್ವದಿಂದಲೂ ಅಲ್ಲ, ಕೈ ಸಾಲದ್ದರಿಂದ.

ಹುಬ್ಬಳ್ಳಿಯ ಮನೆಯಲ್ಲಿ ಮಕ್ಕಳಿಗೆ ಬೇಕಾದದ್ದು ಬಹಳವಿತ್ತು; ಮಕ್ಕಳಿಂದ ಮನೆಗೆ ಬೇಕಾದದ್ದು ಏನೂ ಇರಲಿಲ್ಲ. ಮಗಳನ್ನು ಎಬ್ಬಿಸಿ, ಮೀಸಿ, ಉಣಿಸಿ ಶಾಲೆಯ ಗಾಡಿಗೆ ಏರಿಸುವದರಲ್ಲಿ ನಾವು ದಣಿಯುತ್ತಿದ್ದೆವು. ಆಕೆ ಯಾವುದೋ ಅರಸುಮನೆಯ ಅತಿಥಿಯಂತೆ ಎಲ್ಲವನ್ನೂ ಬೇಸರದಿಂದ ಸ್ವೀಕರಿಸುತ್ತಿದ್ದಳು. ಇಲ್ಲಿಗೆ ಬಂದ ಎರಡನೆಯ ವರ್ಷ ಒಂದು ದಿನ ಆಕೆಗೆ ನೆಗಡಿ ಬಂದು ಮಲಗಿದಳು. ಬಚ್ಚಲ ಒಲೆಗೆ ಉರಿ ಹಾಕುವ ಕೆಲಸ ಅವಳದು. ನನಗೆ ಆ ಒಲೆ ಹೊತ್ತಲೊಲ್ಲದು. ಊದಿ ಊದಿ ಕಣ್ಣು ಕೆಂಪಗೆ ಮಾಡಿಕೊಂಡು ನಾನು ಎದ್ದು ನಿಂತಾಗ, ಆಕೆ ಕಂಬಳಿ ಹೊದ್ದುಕೊಂಡೇ ಬಂದು ಎರಡು ಕಡ್ಡಿಗಳನ್ನು ಅತ್ತಿತ್ತ ಸರಿಸಿ ಒಂದೇ ಉಸಿರಿಗೆ ಉರಿಯೆಬ್ಬಿಸಿ, ಏನೊಂದೂ ಮಾತನಾಡದೆ ಮರಳಿ ಹೋಗಿ ಮಲಗಿದಳು. ಆ ಏಳು ವರ್ಷದ ಹುಡುಗಿಯ ನಡಿಗೆಯಲ್ಲಿ ಅಂದು ಕಂಡ ಗತ್ತನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅದೇ ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದವು. ಪಟ್ಟಣದ ಮಕ್ಕಳು ಕೋಣೆಗಳಲ್ಲಿ ಕುಳಿತು ಫೋನಿನ ಗಾಜಿನಲ್ಲಿ ಪಾಠ ಕೇಳುತ್ತಿದ್ದರು. ನಮ್ಮ ಹಳ್ಳಿಯಲ್ಲಿ ಆ ಸೌಕರ್ಯವೂ ಇಲ್ಲ, ಆ ಪೀಡೆಯೂ ಇಲ್ಲ. ಸರಕಾರ ‘ವಿದ್ಯಾಗಮ’ವೆಂಬ ಯೋಜನೆಯನ್ನು ತಂದಾಗ ನನ್ನ ಹೆಂಡತಿ ಕಾಲುಸಂಕ ದಾಟಿ ಹೋಗಿ ಕುಣಬಿ ಮನೆಗಳ ಅಂಗಳದಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಕಲಿಸಹತ್ತಿದಳು. ನಮ್ಮ ಎರಡೂ ಮಕ್ಕಳು ಜೊತೆಗೆ ಹೋಗುತ್ತಿದ್ದರು. ಪಾಠ ಒಂದು ತಾಸು, ಉಳಿದ ಹೊತ್ತೆಲ್ಲ ಆ ಮನೆಗಳ ಗದ್ದೆ ಹಿತ್ತಲುಗಳಲ್ಲಿ. ಮಗ ಕನ್ನಡಕ್ಕಿಂತ ಮೊದಲು ಕೊಂಕಣಿಯಲ್ಲಿ ಜಗಳಾಡಲು ಕಲಿತನು.

ಅಲ್ಲಿಯ ಹಿರಿಯ ಮನೆಯ ಮುದುಕಿಯನ್ನು ನಮ್ಮ ಮಕ್ಕಳು ‘ಆಜಿ’ ಎಂದು ಕರೆಯುವರು. ಗಡ್ಡೆಗೆಣಸುಗಳ ವಿಷಯದಲ್ಲಿ ಆಕೆ ಒಂದು ವಿಶ್ವಕೋಶ. ಜೋಯಿಡಾದ ಕುಣಬಿಗಳು ಮುಡ್ಲಿ, ಕೋನ, ಕಣಗ ಮುಂತಾದ ಹತ್ತಾರು ಬಗೆಯ ಗಡ್ಡೆಗಳನ್ನು ತಲೆಮಾರುಗಳಿಂದ ಹಿತ್ತಲಲ್ಲಿ ಕಾಪಾಡಿಕೊಂಡು ಬಂದವರು. ಚಳಿಗಾಲದಲ್ಲಿ ಜೋಯಿಡಾದಲ್ಲಿ ನಡೆಯುವ ಗಡ್ಡೆಗಳ ಮೇಳಕ್ಕೆ ಈಗ ದೂರದ ಊರುಗಳಿಂದ ಜನರು ಬರುತ್ತಾರೆ. ಅಲ್ಲಿ ತೋಳಿನಷ್ಟು ಉದ್ದದ ಮುಡ್ಲಿಯನ್ನು ಕಂಡು ಬಾಯಿ ತೆರೆಯದ ಹೊಸಬನಿಲ್ಲ. ಆಜಿಗೆ ಮಕ್ಕಳನ್ನು ಮುದ್ದಿಸುವ ಪರಿಪಾಠವಿಲ್ಲ. ಆಕೆ ಅವರೊಡನೆ ಮಾತನಾಡುವದೂ ಕಡಿಮೆ. ತಾನು ಅಗೆಯುವಾಗ ಅವರ ಕೈಗೂ ಒಂದು ಮೊನೆಯಾದ ಕೋಲು ಕೊಡುವಳು. ಗಡ್ಡೆಗೆ ಗಾಯವಾದರೆ ನಾಲಿಗೆಯಿಂದ ‘ಚ್’ ಎಂದು ಒಂದು ಸದ್ದು ಮಾಡುವಳು. ಆ ಒಂದು ‘ಚ್’ಕಾರ ನನ್ನ ಮಗಳನ್ನು ತಿದ್ದಿದಷ್ಟು ನನ್ನ ಅರ್ಧ ತಾಸಿನ ಉಪದೇಶ ಎಂದೂ ತಿದ್ದಲಿಲ್ಲ. ಆಜಿಯ ತವರುಮನೆ ಸುಪಾದ ನೀರಿನಡಿಗಿದೆ. ಅಲ್ಲಿಂದ ಎದ್ದುಬರುವಾಗ ಆಕೆಯ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಕೋನದ ಬೀಜಗಡ್ಡೆ ಇಂದಿಗೂ ಈ ಹಿತ್ತಲಲ್ಲಿ ಬೆಳೆಯುತ್ತಿದೆಯೆಂದು ಮಗಳು ಒಂದು ದಿನ ನನಗೆ ಹೇಳಿದಳು. ನಾನು ಕೇಳಿದ್ದರೆ ಆಜಿ ಇದನ್ನು ಹೇಳುತ್ತಿದ್ದಳೋ ಇಲ್ಲವೋ.

ವರುಷಕ್ಕೊಮ್ಮೆ ಮಾತ್ರ ನಮ್ಮ ಹಳೆಯ ನಾಡು ನಮ್ಮನ್ನು ನೋಡಲು ಬರುತ್ತದೆ. ಮಾಘಮಾಸದಲ್ಲಿ ಉಳವಿಯ ಚೆನ್ನಬಸವಣ್ಣನ ಜಾತ್ರೆಗೆ ಧಾರವಾಡ ಬೆಳಗಾವಿ ಸೀಮೆಯ ರೈತರು ಸಂಸಾರಸಹಿತ ಚಕ್ಕಡಿ ಕಟ್ಟಿಕೊಂಡು ಹೊರಡುವರು. ಬಸ್ಸು ಮೋಟಾರುಗಳಿರುವ ಈ ಕಾಲದಲ್ಲಿಯೂ ಎತ್ತುಗಳ ಕೊರಳ ಗಂಟೆ ದಾಂಡೇಲಿಯ ಪೇಟೆಯಲ್ಲಿ ಕೇಳಿಸುವದು. ನನ್ನ ಅಣ್ಣನ ಊರಿನ ಚಕ್ಕಡಿಗಳು ಬರುವ ದಿವಸ ನಾವು ನಾಲ್ವರೂ ಹೆದ್ದಾರಿಗೆ ಹೋಗಿ ಅವರನ್ನು ಕೂಡಿಕೊಂಡು ಉಳವಿಯವರೆಗೆ ಹೋಗುವೆವು. ದೊಡ್ಡವರು ನಡೆಯುವದು, ಚಿಕ್ಕವರು ಏರುವದು, ಏರಿನಲ್ಲಿ ಎಲ್ಲರೂ ಇಳಿಯುವದು. ಹಳ್ಳ ಕಂಡಲ್ಲಿ ಕೊರಳು ಬಿಚ್ಚುವರು. ಗಂಡಸರು ಎತ್ತಿಗೆ ನೀರು ಕುಡಿಸಿ ಮೈ ತಿಕ್ಕುವರು, ಮಕ್ಕಳು ಕಟ್ಟಿಗೆ ಆಯುವರು, ಹೆಂಗಸರು ಬುತ್ತಿ ಬಿಚ್ಚುವರು: ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದಲಿ. ಮೊದಲ ಸಲ ನಾನು ಮೇಲಿಂದ ಮೇಲೆ ಕೈಗಡಿಯಾರ ನೋಡುವದನ್ನು ಕಂಡು ಅಣ್ಣ, “ಯಾಕ, ಚೆನ್ನಬಸವಣ್ಣ ಎಲ್ಲಿಗರೆ ಹೊಂಟಾನೇನು?” ಎಂದು ಕೇಳಿದ. ಬಂದ ದಾರಿಯಲ್ಲಿ ಒಂದು ಕಡೆ ಮಂಗಟ್ಟೆಯ ಜೋಡಿಯೊಂದು ತಲೆಯ ಮೇಲೆ ಹಾರಿಹೋಯಿತು. ಅದರ ರೆಕ್ಕೆಯ ಸದ್ದಿಗೆ ಬಯಲುಸೀಮೆಯ ಹುಡುಗರು ವಿಮಾನ ಬಂತೆಂದು ಮೇಲೆ ನೋಡಿದರು. ನನ್ನ ಮಗ ಮಾತ್ರ, ಹೆಣ್ಣುಹಕ್ಕಿ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಂಡು ಮೊಟ್ಟೆಯ ಮೇಲೆ ಕೂಡುವದನ್ನೂ, ಗಂಡು ತಿಂಗಳುಗಟ್ಟಲೆ ಸಣ್ಣದೊಂದು ಸಂದಿಯಿಂದ ಹಣ್ಣು ಉಣಿಸುವದನ್ನೂ ಅವರಿಗೆ ಪಂಡಿತನಂತೆ ವಿವರಿಸಿದನು.

ಇನ್ನು ಬರೆಯಲು ಮನಸ್ಸಾಗದ ಸಂಗತಿ. ಕಳೆದ ವರುಷದ ಮಳೆಗಾಲದ ಕೊನೆಗೆ ನಮ್ಮ ಮಲೆನಾಡ ಗಿಡ್ಡ ಆಕಳು ಒಂದು ಹೆಣ್ಣು ಕರುವನ್ನು ಹಾಕಿತ್ತು. ಕತ್ತಲಾಗುವ ಮೊದಲು ಕರುವನ್ನು ಕೊಟ್ಟಿಗೆಯೊಳಗೆ ಕಟ್ಟಿ ಬಾಗಿಲಿಗೆ ಅಗುಳಿ ಹಾಕುವದು ಮಗನ ಕೆಲಸ. ಎಂಟು ವರ್ಷದವನು. ಎರಡು ತಿಂಗಳು ಒಂದು ದಿನವೂ ತಪ್ಪಲಿಲ್ಲ. ಒಂದು ಸಂಜೆ ವಸ್ತಿ ಬಸ್ಸಿನ ಕಂಡಕ್ಟರರು ಅವನಿಗೆಂದು ಗಾಳಿಪಟ ತಂದುಕೊಟ್ಟರು. ಹಗ್ಗ ಕಟ್ಟಿದನು, ಅಗುಳಿ ಮರೆತನು. ರಾತ್ರಿ ಆಕಳ ಕೂಗು ಕೇಳಿ ನಾವು ಬ್ಯಾಟರಿ ಹಿಡಿದು ಹೋಗುವಷ್ಟರಲ್ಲಿ ಚಿರತೆ ತನ್ನ ಕೆಲಸ ಮುಗಿಸಿ ಬೇಲಿ ದಾಟಿತ್ತು. ಹಗ್ಗ ಗೂಟಕ್ಕೆ ಹಾಗೆಯೇ ಇತ್ತು.

ನಾನು ಗದರಿಸಲಿಲ್ಲ. ಗದರಿಸಿದ್ದರೆ ಚೆನ್ನಾಗಿತ್ತೇನೋ, ಅವನಿಗೆ ಅಳಲು ಒಂದು ನೆವ ಸಿಗುತ್ತಿತ್ತು. ಎರಡು ದಿನ ಅವನು ಉಣ್ಣಲಿಲ್ಲ. ಆಕಳು ಹಗಲೆಲ್ಲ ಕೂಗುವದು, ಅವನು ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಳಿತುಕೊಳ್ಳುವದು. ಆ ರಾತ್ರಿಗಳಲ್ಲಿ ನಾನೂ ನನ್ನ ಹೆಂಡತಿಯೂ ಆರು ವರ್ಷಗಳಲ್ಲಿ ಮೊದಲ ಸಲ ದನಿ ಎತ್ತಿ ವಾದಿಸಿದೆವು. ಎಂಟು ವರ್ಷದ ಹೆಗಲಿಗೆ ಒಂದು ಜೀವದ ಭಾರವನ್ನು ಹೊರಿಸಿದ್ದು ಯಾವ ನ್ಯಾಯವೆಂದು ಆಕೆ ಕೇಳಿದಳು. ಪಟ್ಟಣದಲ್ಲಿ ಈ ವಯಸ್ಸಿನ ಹುಡುಗ ಮರೆತರೆ ನೀರಿನ ಸೀಸೆಯೊಂದು ಕಳೆಯುತ್ತದೆ. ಇಲ್ಲಿ ಮರೆತರೆ ಸಾವು. ಕೆಲಸವೆಂದರೆ ಮಕ್ಕಳಿಗೆ ಒಳ್ಳೆಯದೆಂದು ನಾನು ಮಿತ್ರರ ಮುಂದೆ ಆಡಿದ ಮಾತುಗಳೆಲ್ಲ ನೆನಪಾಗಿ ನನಗೆ ನಾಚಿಕೆಯಾಯಿತು. ಅಗುಳಿಯನ್ನು ರಾತ್ರಿ ಒಮ್ಮೆ ಹೋಗಿ ನೋಡಿ ಬರುವದು ದೊಡ್ಡವನಾದ ನನ್ನ ಕೆಲಸವಾಗಿತ್ತು. ಅವನು ಎರಡು ತಿಂಗಳು ತಪ್ಪದೆ ಮಾಡಿದ್ದರಿಂದ ನಾನು ನೋಡುವದನ್ನೇ ಬಿಟ್ಟಿದ್ದೆನು. ಇದನ್ನು ಅವನಿಗೆ ಹೇಳಿದೆ. ಅವನು ಕೇಳಿಸಿಕೊಂಡಂತೆ ತೋರಲಿಲ್ಲ.

ಮೂರನೆಯ ದಿನ ಆಜಿ ಹಳ್ಳ ದಾಟಿ ಬಂದಳು. ಸಮಾಧಾನದ ಮಾತು ಒಂದೂ ಇಲ್ಲ. ಅಂಗಳದಲ್ಲಿ ನಿಂತು, ಭತ್ತದ ಗದ್ದೆಗೆ ಹಂದಿ ಬೀಳುತ್ತಿವೆ, ರಾತ್ರಿ ಕಾವಲಿಗೆ ಡಬ್ಬಿ ಬಡಿಯಲು ಒಬ್ಬ ಆಳು ಕಡಿಮೆ ಬಿದ್ದಿದ್ದಾನೆ, ಹುಡುಗನನ್ನು ಕಳಿಸಿರೆಂದಳು. ನನ್ನ ಹೆಂಡತಿ ನನ್ನ ಮೋರೆ ನೋಡಿದಳು. ಹುಡುಗ ಒಳಗಿನಿಂದ ಎದ್ದುಬಂದು, ಚಪ್ಪಲಿ ಮೆಟ್ಟಿ, ಆಕೆಯ ಹಿಂದೆ ಹೊರಟುಹೋದನು. ಆ ರಾತ್ರಿ ಹಳ್ಳದ ಆಚೆಯಿಂದ ಡಬ್ಬಿಯ ಸದ್ದು ಕೇಳಿಸುತ್ತಿರುವ ತನಕ ನಾವು ನಿದ್ದೆ ಮಾಡಲಿಲ್ಲ. ಅದು ನಿಂತಾಗಲಂತೂ ಎದ್ದೇ ಕುಳಿತೆವು. ಬೆಳಿಗ್ಗೆ ಬಂದವನು ಎರಡು ತಟ್ಟೆ ಗಂಜಿ ಉಂಡನು.

ಇಂಥ ನೆರೆಹೊರೆ ಸಿಕ್ಕಿದ್ದು ನಮ್ಮ ಪುಣ್ಯವೆಂದು ನಾವು ಹೇಳಿಕೊಳ್ಳುತ್ತಿದ್ದಾಗಲೇ ಆಜಿಯ ಮನೆಯವರು ಊರು ಬಿಡುವ ನಿಶ್ಚಯ ಮಾಡಿದ್ದರು. ಹುಲಿಗಳ ಕಾಡಿನಿಂದ ತಾವಾಗಿ ಹೊರಹೋಗುವ ಸಂಸಾರಗಳಿಗೆ ಸರಕಾರ ಹಣ ಕೊಡುತ್ತದೆ. ಮೊದಲು ೧೦ ಲಕ್ಷವಿದ್ದದ್ದು ೨೦೨೧ರಲ್ಲಿ ೧೫ ಲಕ್ಷವಾಯಿತು. ಆಜಿಯ ಮಗ ಅರ್ಜಿ ಕೊಟ್ಟಿದ್ದಾನೆಂದು ಕೇಳಿ ನಾನು ಹಳ್ಳ ದಾಟಿ ಹೋದೆನು. ಇಂಥ ಗಾಳಿ, ಇಂಥ ನೀರು, ಇಂಥ ಹಿತ್ತಲನ್ನು ಬಿಟ್ಟು ಹೋಗುವದೇ ಎಂದು ನಾನು ಏನೇನೋ ಹೇಳಿದೆ. ಆತ ಬಗ್ಗಿ ಕತ್ತಿ ಮಸೆಯುತ್ತಿದ್ದವನು ತಲೆ ಎತ್ತಲಿಲ್ಲ.

“ನಿಮಗೆ ಚಂದ ಅನ್ನಿಸ್ತದೆ. ಸಾಕಾದ ದಿನ ನೀವು ಬಸ್ಸು ಹತ್ತತೀರಿ. ನನ್ನ ಹೆಂಡತಿಗೆ ಬೇನೆ ಬಂದಾಗ ಸಂಕ ಕೊಚ್ಚಿಹೋಗಿತ್ತು. ಕಂಬಳಿ ಕಟ್ಟಿ ಹೊತ್ತೆವು. ಕೂಸು ದಾರಿಯಲ್ಲೇ ಹುಟ್ಟಿ ದಾರಿಯಲ್ಲೇ ಹೋಯ್ತು. ಅಕ್ಕೋರನ್ನ ಕೇಳಿ, ಉಳಿದ ಮಗಳು ಲೆಕ್ಕದಲ್ಲಿ ಎಷ್ಟು ಚುರುಕು ಅಂತ. ಅವಳು ಇಲ್ಲಿ ಕೂತು ಗಡ್ಡೆ ಅಗೀಬೇಕಾ?”

ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಇಲ್ಲ. ನಾವು ನಮ್ಮ ಮಕ್ಕಳ ಹಿತಕ್ಕೆಂದು ಉಳಿದ ಊರನ್ನು ಆತ ತನ್ನ ಮಗಳ ಹಿತಕ್ಕೆಂದೇ ಬಿಡುತ್ತಿದ್ದನು. ನಮ್ಮ ಸರಳತೆಯ ಬೆನ್ನಿಗೆ ನನ್ನ ಹೆಂಡತಿಯ ತಿಂಗಳ ಸಂಬಳವಿದೆ, ಹುಬ್ಬಳ್ಳಿಯಲ್ಲಿ ಬಾಡಿಗೆಗೆ ಕೊಟ್ಟ ಮನೆಯಿದೆ. ಒಂದು ಸಲ ಮಗನಿಗೆ ಜ್ವರವೇರಿದಾಗ ದಾಂಡೇಲಿಯಿಂದ ಬಾಡಿಗೆಯ ಜೀಪು ತರಿಸಿದೆವು. ಅಡ್ಡಬಿದ್ದ ಮರವನ್ನು ಅಪರಾತ್ರಿಯಲ್ಲಿ ಕಡಿದು ದಾರಿ ಬಿಡಿಸಿದವನು ಇದೇ ಮನುಷ್ಯ. ಆ ಜೀಪಿಗೆ ಕೊಟ್ಟಷ್ಟು ಹಣ ಆತನ ಮನೆಯಲ್ಲಿ ಒಟ್ಟಿಗೆ ಇದ್ದ ದಿನಗಳು ಎಷ್ಟೋ ನಾನರಿಯೆ. ಬೇಕೆಂದು ಬಿಟ್ಟ ಸೌಕರ್ಯವೂ ಇಲ್ಲದೆ ಹೋದ ಸೌಕರ್ಯವೂ ಹೊರಗಿನವರ ಕಣ್ಣಿಗೆ ಒಂದೇ ಬಗೆಯಾಗಿ ಕಾಣುವವು. ಮಣ್ಣಿನ ಗೋಡೆ, ಒಲೆಯ ಹೊಗೆ, ಬರಿಗಾಲಿನ ಮಕ್ಕಳು.

ಈ ಮಾರ್ಚಿನಲ್ಲಿ ಅವರು ಹೊರಟರು. ರಾಮನಗರದ ಕಡೆಗೆ ಒಂದು ತುಂಡು ಜಾಗ ಹಿಡಿದಿದ್ದಾರೆ. ಸುಪಾದಿಂದ ಎದ್ದ ಸಂಸಾರಗಳು ಹಿಂದೆ ಹೋಗಿ ನೆಲೆಸಿದ್ದೂ ಅತ್ತ ಕಡೆಗೇ. ಆಜಿಗೆ ಅಲ್ಲಿ ತವರಿನ ಕೆಲ ಮನೆಗಳಿವೆಯಂತೆ. ಸಾಮಾನುಗಳನ್ನು ಹೊತ್ತು ಕಾಲುಸಂಕ ದಾಟಿಸುವದರಲ್ಲಿ ನಮ್ಮ ಮಕ್ಕಳೂ ಹೆಗಲು ಕೊಟ್ಟರು. ಆಜಿ ಕೊನೆಗೆ ಬಂದಳು. ನನ್ನ ಮಗಳ ಕೈಯಲ್ಲಿ ಒಂದು ಗೋಣಿಚೀಲವನ್ನಿಟ್ಟಳು. ಅದರಲ್ಲಿ ಮುಡ್ಲಿಯ ಬೀಜ, ಕಣಗ, ತವರಿನ ಕೋನ. ಎಲ್ಲಿ ನೆಡಬೇಕು, ಯಾವದಕ್ಕೆ ಆಸರೆ ಬೇಕು ಎಂಬುದನ್ನು ಕೊಂಕಣಿಯಲ್ಲಿ ಹೇಳಿದಳು. ಮಗಳು ಅದನ್ನು ಎರಡೆರಡು ಸಲ ಹೇಳಿ ಒಪ್ಪಿಸಿದಳು. ಶಾಲೆಯ ಹಾಜರಿಯಲ್ಲಿ ನಾಲ್ಕು ಹೆಸರು ಕಡಿಮೆಯಾದವು. ಇನ್ನೂ ಎರಡು ಮನೆಗಳು ಹೋದರೆ ಶಾಲೆ ಉಳಿಯುವದೇ ಎಂಬ ಚಿಂತೆ ನನ್ನ ಹೆಂಡತಿಗೆ ಹತ್ತಿದೆ.

ನಮ್ಮ ಮಗಳಿಗೂ ಏಳನೆಯ ಇಯತ್ತೆ ಮುಗಿಯಿತು. ಮುಂದಿನ ಶಾಲೆ ಇಲ್ಲಿಲ್ಲ. ಎಲ್ಲರೂ ಹಿಂದಿರುಗುವದೋ, ಅವಳೊಬ್ಬಳನ್ನು ಕಳಿಸುವದೋ ಎಂದು ಎರಡು ತಿಂಗಳು ಜಗ್ಗಾಡಿದೆವು. ಕಡೆಗೆ ಹಳಿಯಾಳದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಇರಿಸುವದೆಂದಾಯಿತು. ಶನಿವಾರ ಬಂದು ಸೋಮವಾರ ವಸ್ತಿ ಬಸ್ಸಿಗೆ ಹೋಗುವದು. ನಾಲ್ಕನೆಯ ಹಂಚಿಕೆಯನ್ನು ಹೇಳಿದ ಸೋದರಮಾವಂದಿರು ಇದನ್ನು ಕೇಳಿ ನಕ್ಕಿರಬೇಕು.

ಮೊನ್ನೆ ಮೊದಲ ಮಳೆ ಬಿದ್ದ ಮರುದಿನ ಗಡ್ಡೆಗಳನ್ನು ನೆಟ್ಟೆವು. ಮಗಳು ಸಾಲು ಹಿಡಿದಳು, ಮಗ ಕುಣಿ ತೋಡಿದನು, ನಾನು ಅವರು ಹೇಳಿದಲ್ಲಿಗೆ ಗೊಬ್ಬರ ಹೊತ್ತೆನು. ಸಂಜೆ ಕೈ ತೊಳೆಯುವಾಗ ಅವಳು ಮನೆಯ ಕೆಲಸಗಳನ್ನು ಬೆರಳು ಮಡಿಚಿ ಎಣಿಸಿ ಯಾವದು ಯಾರಿಗೆಂದು ಹಂಚಹತ್ತಿದಳು. ನೀರು ಅಪ್ಪನಿಗೆ, ಹುಲ್ಲು ಅವ್ವನಿಗೆ. ಕೊಟ್ಟಿಗೆಯ ಅಗುಳಿ ತನಗೇ ಇರಲೆಂದು ತಮ್ಮ ಹೇಳಿದನು. ಆಕಳು ಈಗ ಮತ್ತೆ ಗಬ್ಬವಾಗಿದೆ. ಬಚ್ಚಲ ಒಲೆಯ ವಿಷಯ ಬಂದಾಗ ಅವಳು ನನ್ನ ಮೋರೆಯನ್ನು ಸ್ವಲ್ಪ ಹೊತ್ತು ನೋಡಿ, “ನಿಮ್ಮ ಕಡಿಂದ ಆಗೂದಿಲ್ಲಪ್ಪಾ” ಎಂದು ಆ ಬೆರಳನ್ನು ಮಡಿಚದೆ ಹಾಗೆಯೇ ಬಿಟ್ಟಳು.